ಹಾಡದ ಗಂಟೆಹುಳು

೧೯೮೪ ಆಗಸ್ಟ್ ೬, ಸೋಮವಾರ

ಈ ಸಲದ ಉಣ್ಣೆ ಸರಿಯಿಲ್ಲ. ಎಲ್ಲರಿಗೂ ಹೇಳಿ ಹೇಳಿ ಬಾಯಿ ನೋವು ಬಂತು. ಅದಕ್ಕೇ ಇನ್ನು ಇಲ್ಲಿ ಬರೆಯುತ್ತೇನೆ. ಪುಸ್ತಕಕ್ಕೆ ಬಾಯಿಲ್ಲ, ಎದುರು ಮಾತಾಡುವುದಿಲ್ಲ.

ಪಿಯಾನೊ ಒಳಗಿನ ಸುತ್ತಿಗೆಗಳಿಗೆ ಸುತ್ತಿ ಬರುವ ಉಣ್ಣೆ ಗಟ್ಟಿಯಾಗಿರಬೇಕು. ಗಟ್ಟಿ ಉಣ್ಣೆ ತಂತಿಗೆ ಬಡಿದರೆ ನಾದ ತಗಡಿನ ಹಾಗೆ ಕಿರುಚುತ್ತದೆ. ಆಮೇಲೆ ನಾನು ಸೂಜಿಯಿಂದ ಚುಚ್ಚಿ ಚುಚ್ಚಿ ಅದನ್ನು ಪಳಗಿಸಬೇಕು. ಶ್ರುತಿ ಕೂಡಿಸುವವರು ಬೇರೆ, ನಾದ ಪಳಗಿಸುವವರು ಬೇರೆ. ಆದರೆ ಈ ವರ್ಷ ಬರುತ್ತಿರುವ ಉಣ್ಣೆ ಸೂಜಿ ತಾಕುವ ಮೊದಲೇ ಬೆಂದ ಅನ್ನದ ಹಾಗೆ. ಬಲಗಡೆಯ ಸಣ್ಣ ಸ್ವರಗಳಂತೂ ಪೂರಾ ಮಂಕು. ಪಳಗಿಸುವುದು ಬಿಟ್ಟು ಇಸ್ತ್ರಿ ಕಾಯಿಸಿ, ಅರಗು ಹಚ್ಚಿ ಅದನ್ನು ಗಟ್ಟಿ ಮಾಡುತ್ತಾ ಕೂರುವ ಗತಿ ಬಂದಿದೆ.

ಮಧ್ಯಾಹ್ನ ಊಟಕ್ಕೆ ಓಮುರಾ ಸಿಕ್ಕಿದ. ಅವನು ರಸ್ತೆಯಾಚೆಯ ಕಟ್ಟಡದಲ್ಲಿ ಧ್ವನಿವರ್ಧಕ ಮಾಡುವವನು. ನಮ್ಮ ಹಿಕುಮಾ ಕಂಪನಿ ಕೊಳಲಿನಿಂದ ಹಿಡಿದು ಕ್ರೀಡಾಂಗಣದ ಧ್ವನಿವರ್ಧಕದ ತನಕ ಎಲ್ಲ ಮಾಡಿ ಲೋಕಕ್ಕೆಲ್ಲ ಮಾರುತ್ತದೆ. ಆದರೂ ಮರದವರು ನಾವು, ಕರೆಂಟಿನವರು ಅವರು. ಉಣ್ಣೆಯ ವಿಷಯ ಹೇಳಿದರೆ ಅವನು ನಕ್ಕ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಇಷ್ಟು ವರ್ಷ ಕುರಿಗಳೆಲ್ಲ ಸರಿಯಾಗಿದ್ವು, ನೀನು ರಿಟೈರಾಗೋ ವರ್ಷ ನೋಡ್ಕೊಂಡು ಕೆಟ್ಟೋದ್ವಾ?"

"ನಿನಗೇನಯ್ಯಾ ಗೊತ್ತು ಉಣ್ಣೆ ವಿಷಯ? ಯಂತ್ರದ ಗುಂಡಿ ತಿರುಗಿಸೋನು ನೀನು."

ಅಕ್ಟೋಬರ್ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ನಮ್ಮ ಶೆಡ್ಡಿನ ಪದ್ಧತಿ ಪ್ರಕಾರ, ಹೋಗುವವನ ಕೈಗೆ ಕೊನೆಗೆ ಸಂಗೀತ ಕಛೇರಿಗೆ ಬಾರಿಸುವ ದೊಡ್ಡ ಪಿಯಾನೊ ಒಂದನ್ನು ಕೊಡುತ್ತಾರೆ. ಅವನು ಅದನ್ನು ಪಳಗಿಸಿ, ಎಡತುದಿಯ ಮೊದಲ ಮನೆಯ, ಅಂದರೆ ಬೆರಳು ಒತ್ತುವ ಮರದ ಪಟ್ಟಿಯ, ಪಕ್ಕೆಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುತ್ತಾನೆ. ಬಾರಿಸುವವರಿಗೆ ಆ ಹೆಸರು ಕಾಣುವುದಿಲ್ಲ. ಎಂದೋ, ಯಾವ ಊರಲ್ಲೋ, ಬಿಚ್ಚಿದವನಿಗೆ ಮಾತ್ರ ಕಾಣುತ್ತದೆ. ನಾನು ಪಳಗಿಸಿದ ಎಲ್ಲ ಪಿಯಾನೊದಲ್ಲೂ ಹಾಗೇ ಬರೆದಿದ್ದೇನೆ. ಆದರೆ ಕೊನೆಯದರ ಮಾತೇ ಬೇರೆ. ಅದರಲ್ಲಿ ನನ್ನ ನಾದ ಇರಬೇಕು. ಅದೊಂದೇ ಆಸೆ, ಅದಕ್ಕೆ ಈ ಹಾಳು ಉಣ್ಣೆ ಕಲ್ಲು ಹಾಕದಿದ್ದರೆ ಸಾಕು.

ಆಗಸ್ಟ್ ೧೨, ಭಾನುವಾರ

ಶೆಡ್ಡಿನ ನನ್ನ ಶಿಷ್ಯ ತೆರಾದಾ ತನ್ನ ಹೆಂಡತಿಯ ಜೊತೆ ಮನೆಗೆ ಬಂದಿದ್ದ. ಪ್ರತಿ ಬೇಸಿಗೆಯಂತೆ ಶಾವಿಗೆಯ ಪೆಟ್ಟಿಗೆ ತಂದಿದ್ದ. ಬೇಡವೆಂದರೂ ಬಿಡುವುದಿಲ್ಲ. ಇವರ ಮದುವೆಯಲ್ಲಿ ನಾನೂ ನನ್ನ ಹೆಂಡತಿ ಫುಸಾಳೂ ಹಿರಿಯರಾಗಿ ಮುಂದೆ ಕೂತವರು, ಆ ಋಣ ಅವನು ಮರೆತಿಲ್ಲ.

ಅವನು ಎಡಗೈಯವನು. ಕೆಲಸಕ್ಕೆ ಸೇರಿದಾಗ ಎಲ್ಲರೂ ಅವನ ಕೈ ತಿದ್ದಲು ಹೊರಟಿದ್ದರು. "ಬಿಡ್ರೋ, ಸೂಜಿಗೆ ಎಡ ಯಾವುದು ಬಲ ಯಾವುದು" ಎಂದು ಗದರಿ ನನ್ನ ಬೆಂಚಿಗೆ ಕರೆದುಕೊಂಡೆ. ಆಗ ಅವನದೊಂದು ಕೆಟ್ಟ ಅಭ್ಯಾಸ ಇತ್ತು. ಸ್ವರ ಒತ್ತಿ ನನ್ನ ಮುಖ ನೋಡುತ್ತಿದ್ದ. ಸರಿಯೋ ತಪ್ಪೋ ಎಂದು ನನ್ನ ಹುಬ್ಬಿನಲ್ಲಿ ಓದುತ್ತಿದ್ದ. "ನಾದ ನನ್ನ ಮುಖದಲ್ಲಿಲ್ಲ ಕಣೋ, ಅಲ್ಲಿದೆ" ಎಂದು ಬೈದು ಬೈದು ಬಿಡಿಸಿದೆ. ಈಗ ನನ್ನ ಜಾಗಕ್ಕೆ ಅವನೇ ಬರುವವನು. ಅದೊಂದು ನೆಮ್ಮದಿ.

ಹೆಂಗಸರಿಬ್ಬರೂ ಅಡುಗೆಮನೆಯಲ್ಲಿ ಪಿಸಪಿಸ ಅನ್ನುತ್ತಿದ್ದರು. ಫುಸಾಳಿಗೆ ಇತ್ತೀಚೆಗೆ ಇದೊಂದು ಚಾಳಿ, ಬಾಯೊಳಗೇ ಮಾತಾಡುತ್ತಾಳೆ. ಏನೇ ಅಂದರೆ "ಏನಿಲ್ಲ ಬಿಡ್ರಿ" ಅನ್ನುತ್ತಾಳೆ.

ಇವತ್ತು ಅಂಗಡಿಯಿಂದ ಒಂದು ಪೆಟ್ಟಿಗೆ ಗಂಟೆಹುಳು ಕೊಂಡು ತಂದೆ. ನಿವೃತ್ತಿಯಾದ ಮೇಲೆ ಏನಾದರೊಂದು ಹವ್ಯಾಸ ಬೇಕಲ್ಲ. ನೋಡಲು ಕಲ್ಲಂಗಡಿ ಬೀಜದಷ್ಟು ಕಪ್ಪು ಜೀರುಂಡೆ. ದನಿ ಮಾತ್ರ ದೇವರ ಮನೆಯ ಪುಟ್ಟ ಗಂಟೆಯದು. ಅಪ್ಪ ಮಣ್ಣಿನ ಗಡಿಗೆಯಲ್ಲಿ ಸಾಕುತ್ತಿದ್ದರು, ಮುಚ್ಚಳ ತೆಗೆಯಲು ಬಿಡುತ್ತಿರಲಿಲ್ಲ. ಆ ದನಿ ಕೇಳುತ್ತಾ ಮಲಗಿದವನು ನಾನು. ನನ್ನ ಕಿವಿಗೆ ಮೊದಲ ಗುರು ಆ ಹುಳುವೇ ಇರಬೇಕು.

ಆಗಸ್ಟ್ ೧೯, ಭಾನುವಾರ

ಮೋಸ. ಒಂದು ವಾರವಾಯಿತು, ಒಂದು ಹುಳುವೂ ಹಾಡಿಲ್ಲ. ಬದನೆಕಾಯಿ ಹೋಳು ಮಾತ್ರ ಚೆನ್ನಾಗಿ ತಿನ್ನುತ್ತವೆ. ಸಂಜೆಯಾದರೆ ರೆಕ್ಕೆ ನೆಟ್ಟಗೆ ಎತ್ತಿಕೊಂಡು ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತವೆ. ರೋಗದ ಹುಳು ಮಾರಿದ್ದಾನೆ.

ಪೆಟ್ಟಿಗೆ ಎತ್ತಿಕೊಂಡು ಅಂಗಡಿಗೆ ಹೋದೆ. ಫುಸಾ ಬೇಡ ಬೇಡ ಎನ್ನುತ್ತಲೇ ಹಿಂದೆ ಬಂದಳು.

"ಏನಪ್ಪಾ, ಮೂಗರನ್ನ ಮಾರೋದೇನು ನೀನು?"

ಅಂಗಡಿಯವನು ಪೆಟ್ಟಿಗೆ ನೋಡಿದ, ನನ್ನನ್ನು ನೋಡಿದ. "ಅಲ್ಲ ಯಜಮಾನರೇ, ಇವು ಈಗ..." ಎಂದವನು ನನ್ನ ಭುಜದಾಚೆ ಫುಸಾಳ ಕಡೆ ನೋಡಿ ಮಾತು ನುಂಗಿದ. ತಿರುಗಿ ನೋಡಿದರೆ ಅವಳು ಸೊಂಟ ಬಗ್ಗಿಸಿ ಅವನಿಗೆ ನಮಸ್ಕಾರ ಮಾಡುತ್ತಿದ್ದಾಳೆ! ಮೋಸ ಹೋದವರು ನಾವು, ತಲೆ ಬಗ್ಗಿಸುವವಳೂ ಇವಳೇ. ಅಂಗಡಿಯವನು ಎರಡು ಮಾತಾಡದೆ ಬೇರೆ ಹುಳು ಕೊಟ್ಟ. ತಪ್ಪು ತನ್ನದೆಂದು ಗೊತ್ತಿದ್ದರೆ ತಾನೇ ಅಷ್ಟು ಬೇಗ ಕೊಡುವುದು?

ಬರುವಾಗ ಇವಳಿಗೆ ಸರಿಯಾಗಿ ಬೈದೆ.

ಆಗಸ್ಟ್ ೨೬

ಹೊಸ ಹುಳುಗಳೂ ಮೂಕ. ಈಗಿನ ಕಾಲದಲ್ಲಿ ಹುಳುವೂ ಸೋಮಾರಿ, ಕುರಿಯೂ ಸೋಮಾರಿ.

ಸೆಪ್ಟೆಂಬರ್ ೪, ಮಂಗಳವಾರ

ಅಕ್ಷರ ಸೊಟ್ಟಗಾಗುತ್ತಿದೆ. ಆಗಲಿ.

ಹೋದ ವಾರ ನಾನು ಮುಗಿಸಿದ ಒಂದು ಪಿಯಾನೊದಲ್ಲಿ ತಂತಿ ಕಿತ್ತುಹೋಗಿತ್ತೆಂದು ಪ್ಯಾಕಿಂಗಿನವರು ವಾಪಸ್ ಕಳಿಸಿದ್ದರು. ಸುತ್ತಿಗೆಗಳ ಸಾಲನ್ನು ಹೊರಗೆಳೆದು ಬೆಂಚಿನ ಮೇಲಿಟ್ಟೆ. ಕಿಟಕಿಯ ಬೆಳಕು ಉಣ್ಣೆಯ ಮೇಲೆ ಬಿತ್ತು. ಎಲ್ಲ ಸುತ್ತಿಗೆಯಲ್ಲೂ ಸೂಜಿಯ ತೂತು. ನಾನು ಗಟ್ಟಿ ಮಾಡಲೆಂದು ಅರಗು ಹಚ್ಚಿದ್ದ ಸುತ್ತಿಗೆಗಳಲ್ಲೇ ಹೆಚ್ಚು. ನಾನು ಹಾಕಿದ ತೂತು ಬಲದಿಂದ ಓರೆಯಾಗಿ ಇಳಿಯುತ್ತದೆ. ಇವು ಎಡದಿಂದ ಇಳಿದಿವೆ.

ಶೆಡ್ಡಿನಲ್ಲಿ ಎಡಗೈಯವನು ಒಬ್ಬನೇ ಇರುವುದು.

ಪ್ಯಾಕಿಂಗಿಗೆ ಕಾದು ನಿಂತಿದ್ದ ಉಳಿದ ಪಿಯಾನೊಗಳನ್ನೂ ಎಳೆದು ನೋಡಿದೆ. ಎಲ್ಲದರಲ್ಲೂ ಹಾಗೇ. ಮೊದಲ ಮನೆಯ ಪಕ್ಕೆಯಲ್ಲಿ ನನ್ನ ಹೆಸರು, ಉಣ್ಣೆಯಲ್ಲಿ ಅವನ ಸೂಜಿ. ಉಣ್ಣೆ ಕೆಟ್ಟಿದ್ದಲ್ಲ, ಇವನು ಕೆಡಿಸುತ್ತಿದ್ದ. ನಾನು ಹಗಲೆಲ್ಲ ಬೆವರು ಸುರಿಸಿ ಜೀವ ತುಂಬಿದ್ದನ್ನು ಇವನು ಕದ್ದು ಬಂದು ಕೊಲ್ಲುತ್ತಿದ್ದ. ನಾನು ಮುದುಕನಾದೆ, ಕೆಲಸ ಕೆಟ್ಟಿತು ಎಂದು ನಾಲ್ಕು ಜನ ಆಡಿಕೊಳ್ಳಲಿ ಅಂತ ಇರಬೇಕು. ಬರುವ ತಿಂಗಳು ಸಿಗುವ ಜಾಗಕ್ಕೆ ಇಷ್ಟು ಆತುರವೇ?

ಉಂಡ ಮನೆಗೆ ಎರಡು ಬಗೆದನಲ್ಲ. ನನ್ನ ಬೆಂಚಿನಲ್ಲಿ ಕೂರಿಸಿಕೊಂಡು ಕಲಿಸಿದ ಕೈ ಅದು.

ಸೆಪ್ಟೆಂಬರ್ ೫, ಬುಧವಾರ

ಬೆಳಗ್ಗೆ ಕೆಲಸಕ್ಕೆ ಮುಂಚಿನ ವ್ಯಾಯಾಮಕ್ಕೆ ಶೆಡ್ಡಿನವರೆಲ್ಲ ಸಾಲು ನಿಂತಿದ್ದಾಗಲೇ ಕೇಳಿದೆ. ಎಲ್ಲರಿಗೂ ಕೇಳಲಿ ಅಂತಲೇ ಕೇಳಿದೆ.

"ತೆರಾದಾ, ನನ್ನ ಪಿಯಾನೊಗೆ ಸೂಜಿ ಹಾಕಿದ್ಯಾ?"

ಅವನ ಮುಖ ಸುಣ್ಣ ಬಳಿದಂತಾಯಿತು. "ಹೌದು ಗುರುಗಳೇ."

"ಯಾಕೆ?"

ಅವನು ಎಡಗೈಯನ್ನು ಬೆನ್ನ ಹಿಂದೆ ಸರಿಸಿದ.

"ನಾನು ಹೋಗೋ ತನಕ ತಡೆಯೋಕಾಗ್ಲಿಲ್ವೇನೋ? ಇನ್ನೆಷ್ಟು ದಿನ ಇದ್ದೆ ನಾನು? ಬಾಯಿ ಬಿಡು!"

ಅವನು ಮೊಣಕಾಲವರೆಗೂ ತಲೆ ತಗ್ಗಿಸಿ, "ತಪ್ಪಾಯ್ತು ಗುರುಗಳೇ" ಎಂದ. ಅಷ್ಟೇ. ಒಂದು ಕಾರಣ ಕೊಡಲಿಲ್ಲ. ಕಾರಣ ಇದ್ದರೆ ತಾನೇ? ಸಾಲಿನಲ್ಲಿ ಒಬ್ಬನಾದರೂ ನನ್ನ ಪರ ಬಾಯಿ ಬಿಡಬೇಡವೇ? ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತಾ ನಿಂತರು.

ಶೆಡ್ಡಿನ ಮುಖ್ಯಸ್ಥನ ಹತ್ತಿರ ಹೋಗಿ, ಒಂದೋ ಅವನು ಇರಬೇಕು ಇಲ್ಲ ನಾನು ಎಂದೆ. ಆ ಮನುಷ್ಯ ಬಹಳ ಹೊತ್ತು ಪೆನ್ನು ತಿರುಗಿಸುತ್ತಾ ಕೂತ. ಮಧ್ಯಾಹ್ನದ ಹೊತ್ತಿಗೆ ತೆರಾದಾನನ್ನು ಪ್ಯಾಕಿಂಗ್ ಶೆಡ್ಡಿಗೆ ಹಾಕಿದರು. ಇನ್ನು ಮರದ ಪೆಟ್ಟಿಗೆಗೆ ಮೊಳೆ ಹೊಡೆಯಲಿ.

ಫುಸಾಳಿಗೆ ಹೇಳಿದೆ. ತಟ್ಟೆ ತೊಳೆಯುತ್ತಿದ್ದವಳು ನಿಂತಳು. "ಅಯ್ಯೋ, ಅವನಿಗೆ ಮಕ್ಕಳಿವೆ ಕಣ್ರೀ" ಎಂದಳು. ಗಂಡನ ಬೆನ್ನಿಗೆ ಚೂರಿ ಬಿದ್ದರೆ ಚೂರಿ ಹಿಡಿದವನ ಮಕ್ಕಳ ಚಿಂತೆ ಇವಳಿಗೆ.

ಸೆಪ್ಟೆಂಬರ್ ೬

ಬರೆಯುವ ಮನಸ್ಸಿಲ್ಲ.

ಸೆಪ್ಟೆಂಬರ್ ೧೨, ಬುಧವಾರ

ಅವನು ಹೋದ ಮೇಲೂ ನಾದ ಮಂಕಾಗಿಯೇ ಇದೆ. ಅಂದರೆ ಉಣ್ಣೆಯೂ ಕೆಟ್ಟದ್ದೇ, ಅವನೂ ಕೆಟ್ಟವನೇ. ಅರಗು ಹೆಚ್ಚು ಹಚ್ಚುತ್ತಿದ್ದೇನೆ. ನಾನು ಮುಗಿಸಿದ್ದನ್ನೆಲ್ಲ ಪ್ಯಾಕಿಂಗಿಗೆ ಕಳಿಸದೆ ಹಿಂದಿನ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದಾರೆ. ಲಾರಿಯಲ್ಲಿ ಜಾಗ ಇಲ್ಲವಂತೆ. ಬೇರೆಯವರ ಪಿಯಾನೊಗೆ ಅದೇ ಲಾರಿಯಲ್ಲಿ ಜಾಗ ಇದೆ.

ಸೆಪ್ಟೆಂಬರ್ ೧೫, ಶನಿವಾರ. ಹಿರಿಯರ ದಿನದ ರಜೆ

ಇವತ್ತಿನದನ್ನು ಹೇಗೆ ಬರೆಯಲಿ?

ಮುಸ್ಸಂಜೆಗೆ ಪಕ್ಕದ ಮನೆಯ ಮಿಝುನೊ ಅಮ್ಮ ಬಂದರು, ಕೈಯಲ್ಲಿ ಪೇರುಹಣ್ಣು ಹಿಡಿದುಕೊಂಡು. ಹಿರಿಯರ ದಿನ, ನನ್ನನ್ನೂ ಮುದುಕರ ಲೆಕ್ಕಕ್ಕೆ ಸೇರಿಸಿದರೇನೋ ಅಂದುಕೊಂಡೆ. ಆಕೆ ಕೂತು, ಹವಾಮಾನದ ಮಾತಾಡಿ, ಚಹಾ ಕುಡಿದು, ಕೊನೆಗೆ ಬಾಯಿ ಬಿಟ್ಟರು.

"ಬೇಜಾರು ಮಾಡ್ಕೋಬೇಡಿ ಹಕಾಮಾತಾ ಅವರೇ. ಹುಳ ಚೆನ್ನಾಗೇ ಸಾಕಿದೀರಿ. ಆದ್ರೆ ಪೆಟ್ಟಿಗೆನ ರಾತ್ರಿ ಹೊತ್ತು ಆ ಕಡೆ ಜಗಲಿಗಿಟ್ಕೊಂಡ್ರೆ ಒಳ್ಳೇದಿತ್ತು. ನಮ್ಮೆಜಮಾನ್ರಿಗೆ ನಿದ್ದೇನೇ ಇಲ್ಲ."

"ಯಾಕೆ?"

"ಯಾಕಂದ್ರೆ... ಆ ಪಾಟಿ ಕಿರುಚಿದ್ರೆ?"

ನಾನು ನಕ್ಕೆ. "ಹಾಸ್ಯ ಮಾಡ್ಬೇಡಿ ತಾಯಿ. ಆ ಮೂಕ ಹುಳಗಳು ಹಾಡಿದ್ರೆ ನಾನೇ ನಿಮ್ಮನೆಗೆ ಸಿಹಿ ತಂದುಕೊಡ್ತೀನಿ."

ಆಕೆ ನಗಲಿಲ್ಲ. ಪೆಟ್ಟಿಗೆಯ ಕಡೆ ಕೈ ತೋರಿಸಿ, "ಅಲ್ಲ, ಈಗ್ಲೂ ಕಿರುಚ್ತಾನೇ ಇವೆಯಲ್ಲ!" ಎಂದು ಸ್ವಲ್ಪ ದನಿ ಏರಿಸಿಯೇ ಹೇಳಿದರು. ಗಲಾಟೆಯಲ್ಲಿ ಮಾತಾಡುವವರು ಏರಿಸುತ್ತಾರಲ್ಲ, ಹಾಗೆ.

ನಾನು ಎದ್ದು ಪೆಟ್ಟಿಗೆಯ ಹತ್ತಿರ ಹೋದೆ. ಹುಳುಗಳು ರೆಕ್ಕೆ ಎತ್ತಿಕೊಂಡು ನಡುಗುತ್ತಿದ್ದವು. ಕಿವಿ ಪೆಟ್ಟಿಗೆಗೆ ಒತ್ತಿದೆ. ಏನೂ ಇಲ್ಲ. ಆಚೆ ಕಿವಿ ಒತ್ತಿದೆ, ಏನೂ ಇಲ್ಲ. ತಲೆ ಎತ್ತಿದರೆ ಫುಸಾ ಬಾಗಿಲ ಬಳಿ ಸೆರಗಿನಂತೆ ಏಪ್ರನ್ನಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳು ಅಂಗಡಿಯಲ್ಲಿ ನಮಸ್ಕಾರ ಮಾಡಿದ್ದು ನೆನಪಾಯಿತು.

ಮಿಝುನೊ ಅಮ್ಮ ಯಾವಾಗ ಹೋದರೋ ಗೊತ್ತಿಲ್ಲ. ಫುಸಾಳನ್ನು ನಾನು ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ.

ಸೆಪ್ಟೆಂಬರ್ ೧೭, ಸೋಮವಾರ

ಓಮುರಾನ ಹತ್ತಿರ ಹೋದೆ. ಅವರ ಕಟ್ಟಡದಲ್ಲಿ ಸದ್ದೇ ಇಲ್ಲದ ಒಂದು ಕೋಣೆ ಇದೆ, ಧ್ವನಿವರ್ಧಕ ಅಳೆಯುವುದಕ್ಕೆ. ನನ್ನ ಕಿವಿ ಅಳೆ ಎಂದೆ. ಅವನು ಹಾಸ್ಯ ಮಾಡಲಿಲ್ಲ. ಕಿವಿಗೆ ಯಂತ್ರ ಸಿಕ್ಕಿಸಿ, "ಕೇಳಿಸಿದಾಗ ಕೈ ಎತ್ತು" ಎಂದು ಗುಂಡಿ ತಿರುಗಿಸಲು ಕೂತ.

ತಗ್ಗು ಸ್ವರಗಳಿಗೆಲ್ಲ ಕೈ ಎತ್ತಿದೆ. ನಡುವಿನವಕ್ಕೂ ಎತ್ತಿದೆ. ಆಮೇಲೆ ಅವನು ನಿಲ್ಲಿಸಿಬಿಟ್ಟ. ಸ್ವಲ್ಪ ಹೊತ್ತು ಕಾದೆ.

"ಯಾಕಯ್ಯಾ ನಿಲ್ಲಿಸ್ದೆ? ಮುಂದಿನದು ಹಾಕು."

"ಹಾಕಿದೀನಿ ಕಣಯ್ಯಾ" ಎಂದ ಓಮುರಾ. "ಆಗ್ಲಿಂದ ಹಾಕ್ತಾನೇ ಇದೀನಿ."

ಆ ಕೋಣೆಯಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು. ಅದು ಮಾತ್ರ ಕೇಳುತ್ತಿತ್ತು.

ಹಾಗಾದರೆ ಉಣ್ಣೆ ಚೆನ್ನಾಗೇ ಇತ್ತು. ಎತ್ತರದ ಸ್ವರಗಳು ನನ್ನ ಕಿವಿಗೆ ಬೀಳದೆ ಮಂಕೆನ್ನಿಸಿ, ನಾನು ಅರಗಿನ ಮೇಲೆ ಅರಗು ಹಚ್ಚಿ ಅವನ್ನು ಕಲ್ಲು ಮಾಡುತ್ತಿದ್ದೆ. ಎಲ್ಲರ ಕಿವಿ ಹರಿಯುವಂತೆ ಕಿರುಚುವ ಪಿಯಾನೊ ಮಾಡಿ ಅದರಲ್ಲಿ ಹೆಸರು ಬರೆದು ಕಳಿಸುತ್ತಿದ್ದೆ. ಕಳಿಸುತ್ತಿರಲಿಲ್ಲ. ತೆರಾದಾ ಸೂಜಿ ಹಾಕಿ ಮೆದು ಮಾಡದೆ ಅವನ್ನು ಹಾಗೇ ಕಳಿಸಲು ಬಿಡುತ್ತಿರಲಿಲ್ಲ.

"ನಿಂಗೆ ಮೊದಲೇ ಗೊತ್ತಿತ್ತಾ?"

"ನಂಗೆ ಗೊತ್ತಿರ್ಲಿಲ್ಲ. ಅನುಮಾನ ಇತ್ತು. ಬೆಳಗ್ಗೆ ನಾನು ಬರೋ ಹೊತ್ತಿಗೆ ತೆರಾದಾನ ಸೈಕಲ್ಲು ನಿಮ್ಮ ಶೆಡ್ ಮುಂದೆ ನಿಂತಿರ್ತಿತ್ತು, ಚಳಿಗಾಲದಿಂದ. ಬಾಗಿಲು ಬೀಗ ಹಾಕಿರುತ್ತೆ, ಒಳಗೆ ಹೋಗ್ಬೇಕಂದ್ರೆ ಬೀಗದ ಕೈ ಯಾರು ಕೊಟ್ರು ಯೋಚನೆ ಮಾಡು."

ಬೀಗದ ಕೈ ಇರುವುದು ಮುಖ್ಯಸ್ಥನ ಹತ್ತಿರ. ಅಂದರೆ ಅವನಿಗೂ ಗೊತ್ತು. ಬೂಟು ನೋಡುತ್ತಾ ನಿಂತವರಿಗೆಲ್ಲ ಗೊತ್ತು. ಊರಿಗೆಲ್ಲ ಗೊತ್ತಿರುವ ಸುದ್ದಿ ಗೊತ್ತಿಲ್ಲದವನು ನಾನೊಬ್ಬನೇ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಯಾವಾಗಿಂದ?"

ಫುಸಾ ಯಾವುದು ಎಂದು ಕೇಳಲಿಲ್ಲ. "ಹೋದ ಚಳಿಗಾಲದಿಂದ. ತೆರಾದಾ ಬಂದು ಅಡುಗೆಮನೇಲಿ ಕೂತು ಅತ್ತ. ಏನ್ ಮಾಡ್ಲಿ ಅಮ್ಮಾ ಅಂದ."

"ಏನ್ ಹೇಳ್ದೆ?"

"ಇನ್ನು ಸ್ವಲ್ಪ ದಿನ ಹೇಗೋ ದಾಟಿಸಪ್ಪಾ ಅಂದೆ. ಗೌರವವಾಗಿ ಹೊರಗೆ ಬರ್ಲಿ ಅಂದೆ."

"ಇಷ್ಟು ವರ್ಷ ಒಂದೇ ತಟ್ಟೇಲಿ ಉಂಡು, ನಂಗೊಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ಮಾರನೇ ದಿನಾನೇ ಸೂಜಿ ಕೆಳಗಿಡ್ತಿದ್ರಿ. ಆಮೇಲೆ ಈ ಮನೇಲಿ ಗೋಡೆ ನೋಡ್ಕೊಂಡು ಕೂರ್ತಿದ್ರಿ."

"ಕೆಟ್ಟ ಕೆಲಸ ಮಾಡೋದಕ್ಕಿಂತ ಗೋಡೆ ನೋಡೋದೇ ವಾಸಿ!"

"ನಿಮಗೆ ವಾಸಿ. ಗೋಡೆ ನೋಡೋ ಗಂಡನ್ನ ನೋಡೋಳು ನಾನು ತಾನೇ?"

ಊಟ ಮಾಡಲಿಲ್ಲ. ಈ ಸಿಟ್ಟು ಯಾರ ಮೇಲೆ ಎಂದು ಬರೆದಿಟ್ಟುಕೊಳ್ಳುತ್ತೇನೆ, ನಾಳೆ ಮರೆಯಬಾರದು. ಕಿವಿಯ ಮೇಲೆ. ಆಮೇಲೆ ಇವಳ ಮೇಲೆ. ಎಲ್ಲರಿಗಿಂತ ಹೆಚ್ಚು ತೆರಾದಾನ ಮೇಲೆ. ಅವತ್ತು ಸಾಲಿನಲ್ಲಿ ನಾನು ಅಷ್ಟು ಬೈದಾಗ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವನು ಬಾಯಿ ಮುಚ್ಚಿಕೊಂಡು ದೊಡ್ಡವನಾದ, ನನ್ನನ್ನು ಊರ ಮುಂದೆ ಮೂರ್ಖನನ್ನಾಗಿ ನಿಲ್ಲಿಸಿದ. ಶತ್ರುವಾಗಿದ್ದರೆ ಹೊಡೆದು ಹಗುರಾಗಬಹುದಿತ್ತು.

ಸೆಪ್ಟೆಂಬರ್ ೨೩, ಭಾನುವಾರ

ಐದಾರು ದಿನದಿಂದ ಫುಸಾಳ ಜೊತೆ ಮಾತಿಲ್ಲ. ನನ್ನ ಚಹಾ ನಾನೇ ಮಾಡಿಕೊಂಡೆ. ಚಹಾಪುಡಿಯ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಯಿತು. ಅದನ್ನು ಮಾತು ಎಂದು ಲೆಕ್ಕ ಹಿಡಿಯುವಂತಿಲ್ಲ.

ಹುಳುಗಳನ್ನು ಗಿಡದ ಬುಡಕ್ಕೆ ಸುರಿಯಲು ಹೋದೆ. ಅಷ್ಟರಲ್ಲಿ ಒಂದು ರೆಕ್ಕೆ ಎತ್ತಿತು. ಬಿಟ್ಟೆ, ಇರಲಿ.

ಅಕ್ಟೋಬರ್ ೧, ಸೋಮವಾರ

ಕೊನೆಯ ಪಿಯಾನೊ ಬಂತು. ನಾಲ್ಕು ಜನ ತಳ್ಳಿಕೊಂಡು ಬಂದು ನನ್ನ ಬೆಂಚಿನ ಮುಂದೆ ನಿಲ್ಲಿಸಿ, ಯಾರೂ ನನ್ನ ಕಣ್ಣು ನೋಡದೆ ಹೋದರು. ಮುಖ್ಯಸ್ಥ ಮಾತ್ರ ಹಿಂದೆ ಉಳಿದು, "ಹಕಾಮಾತಾ ಅವರೇ, ನಿಧಾನವಾಗಿ ಮಾಡಿ" ಎಂದ. ನಿಧಾನವಾಗಿ ಮಾಡಿದರೆ ಕಿವಿ ಬರುತ್ತದೆಯೇ?

ಮುಚ್ಚಳ ಎತ್ತಿದೆ. ಕರಿ ಮೆರುಗಿನಲ್ಲಿ ನನ್ನ ಮುಖ ಕಂಡಿತು. ಎಡದಿಂದ ಒಂದೊಂದೇ ಸ್ವರ ಒತ್ತುತ್ತಾ ಹೋದೆ. ತಗ್ಗಿನ ಸ್ವರಗಳು ಎಂಥ ಚಂದ! ಹೊಲದ ಮಣ್ಣಿನ ಹಾಗೆ ದಪ್ಪ ನಾದ. ನಡು ದಾಟಿ ಬಲಕ್ಕೆ ಹೋದಂತೆ ನಾದ ತೆಳ್ಳಗಾಗುತ್ತಾ, ಕೊನೆಯ ಮನೆಗಳಲ್ಲಿ ಮರಕ್ಕೆ ಮರ ತಾಗಿದ ಟಕ್ ಟಕ್ ಮಾತ್ರ ಉಳಿಯಿತು.

ಸೂಜಿ ತೆಗೆದುಕೊಂಡೆ. ಕೈಗೆ ಎಲ್ಲ ಗೊತ್ತಿದೆ. ಆದರೆ ಎಲ್ಲಿ ನಿಲ್ಲಿಸಬೇಕು ಎನ್ನುವುದು ಕೈಗೆ ಗೊತ್ತಿಲ್ಲ, ಅದು ಕಿವಿಯ ಕೆಲಸ. ಹೆಚ್ಚು ಚುಚ್ಚಿದ ಉಣ್ಣೆ ಸತ್ತ ಉಣ್ಣೆ. ಸೂಜಿ ಕೆಳಗಿಟ್ಟು ಮನೆಗೆ ಬಂದೆ.

ಅಕ್ಟೋಬರ್ ೫, ಶುಕ್ರವಾರ

ಪ್ಯಾಕಿಂಗ್ ಶೆಡ್ಡಿಗೆ ಹೋದೆ. ತೆರಾದಾ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಸುತ್ತಿಗೆ ತಪ್ಪಿ ಬಿದ್ದಿರಬೇಕು. ಸೂಜಿ ಹಿಡಿಯುವ ಎಡಗೈಯ ಹೆಬ್ಬೆರಳಲ್ಲ, ಬಲಗೈದು. ನೋಡಿ ಸಮಾಧಾನವಾಯಿತು. ಯಾಕೆ ಆಯಿತೋ.

"ನಿನ್ನ ಕಿವಿ ಬೇಕು" ಎಂದೆ. "ನೀನು ಬೇಡ."

ಅವನು ಸುತ್ತಿಗೆ ಇಟ್ಟ. "ಆಯ್ತು ಗುರುಗಳೇ. ಕಿವಿ ತಗೊಂಡ್ ಬರ್ತೀನಿ."

"ಸೂಜಿ ನಾನೇ ಹಾಕ್ತೀನಿ. ನೀನು ಮುಟ್ಟೋ ಹಾಗಿಲ್ಲ."

"ಮುಟ್ಟಲ್ಲ."

"ಸುಳ್ಳು ಹೇಳೋ ಹಾಗಿಲ್ಲ. ಕೆಟ್ಟದಾಗಿದ್ರೆ ಕೆಟ್ಟದು ಅನ್ಬೇಕು. ಗೌರವ ಗಿರವ ಅಂದ್ರೆ ಇದೇ ಸೂಜೀಲಿ ಚುಚ್ತೀನಿ."

ಅವನು ಪೆಟ್ಟಿಗೆಯ ಮೇಲಿನ ಧೂಳು ಒರೆಸಿ, "ಅದು ಕಷ್ಟ ಗುರುಗಳೇ. ಆದ್ರೂ ಮಾಡ್ತೀನಿ" ಎಂದ.

ಮುಖ್ಯಸ್ಥನಿಗೆ ಹೇಳಿ ಅವನನ್ನು ವಾಪಸ್ ಬೆಂಚಿಗೆ ಹಾಕಿಸಿದೆ. ನನ್ನ ಜಾಗ ಅವನಿಗೇ ಎಂದೂ ಹೇಳಿದೆ. ಅದು ಕೆಲಸದ ಮಾತು, ಅದಕ್ಕೂ ಕ್ಷಮೆಗೂ ಸಂಬಂಧವಿಲ್ಲ.

ಫುಸಾಳ ಹತ್ತಿರವೂ ಇವತ್ತು ಒಪ್ಪಂದ ಮಾಡಿಕೊಂಡೆ. ಇನ್ನು ಮೇಲೆ ಮುಚ್ಚಿಡುವುದು ಏನೂ ಇರಬಾರದು. ಸಂಜೆ ಪೆಟ್ಟಿಗೆಯ ಪಕ್ಕ ಕೂರಬೇಕು, ಹುಳು ಹಾಡಿದಾಗ ಬೆರಳು ಎತ್ತಬೇಕು, ನಿಲ್ಲಿಸಿದಾಗ ಇಳಿಸಬೇಕು. "ನಾನೇನು ನಿಮ್ಮ ವಾದ್ಯಗೋಷ್ಠಿ ಮ್ಯಾನೇಜರೇ?" ಎಂದಳು. ಆದರೂ ಕೂತಳು.

ಅಕ್ಟೋಬರ್ ೧೨

"ಇಲ್ಲ. ಇನ್ನೂ ಗಡುಸು." "ಇಲ್ಲ ಗುರುಗಳೇ, ಪಕ್ಕದ್ದಕ್ಕೆ ಹೊಂದ್ತಿಲ್ಲ." "ಇಲ್ಲ." ಇವತ್ತೆಲ್ಲ ಇದೇ. ಎರಡು ಸಲ ಸೂಜಿ ಎಸೆದೆ. ಎರಡು ಸಲವೂ ತೆರಾದಾ ಎತ್ತಿಕೊಟ್ಟು "ಇಲ್ಲ" ಎಂದ. ಇಷ್ಟು ಕಠಿಣವಾಗಿ ಯಾರು ಕಲಿಸಿದರೋ ಇವನಿಗೆ.

ಅಕ್ಟೋಬರ್ ೨೫, ಗುರುವಾರ

ಮುಗಿಯಿತು.

ಪದ್ಧತಿಯಂತೆ ಶೆಡ್ಡಿನವರೆಲ್ಲ ಕೆಲಸ ನಿಲ್ಲಿಸಿ ಸುತ್ತ ನಿಂತರು. ಓಮುರಾನೂ ರಸ್ತೆ ದಾಟಿ ಬಂದಿದ್ದ. ಹೋಗುವವನು ಬಲತುದಿಯ ಕಟ್ಟಕಡೆಯ ಸ್ವರವನ್ನು ಒಮ್ಮೆ ಒತ್ತಬೇಕು. ಪಳಗಿಸಲು ಎಲ್ಲಕ್ಕಿಂತ ಕಷ್ಟ ಅದೇ.

ಒತ್ತಿದೆ. ನನಗೆ ಕೇಳಿಸಿದ್ದು ಟಕ್.

ಅಷ್ಟು ಜನ ಉಸಿರು ಹಿಡಿದು ಏನನ್ನೋ ಕೇಳುತ್ತಿದ್ದರು. ಅದು ಅವರ ತಲೆಯ ಮೇಲೆ ಎಲ್ಲೋ ತೇಲುತ್ತಿರಬೇಕು, ನಾನು ಮಾಡಿದ್ದು, ನನಗೊಬ್ಬನಿಗೆ ಸಿಗದ್ದು. ಎದುರಿಗೆ ತೆರಾದಾ ಕಣ್ಣು ಮುಚ್ಚಿ ನಿಂತಿದ್ದ. ನಾನು ಅವನ ಮುಖ ನೋಡಿದೆ. ಹುಬ್ಬು ಮೊದಲು ಗಂಟಿಕ್ಕಿತು, ಆಮೇಲೆ ಸಡಿಲಾಯಿತು, ಆಮೇಲೆ ಬಾಯಿ ಸ್ವಲ್ಪ ತೆರೆಯಿತು. ಚೆನ್ನಾಗಿತ್ತು. ನಾನು ಮಾಡಿದ ಎಲ್ಲಕ್ಕಿಂತ ಚೆನ್ನಾಗಿತ್ತು.

ಮುಖ್ಯಸ್ಥ ಪೆನ್ಸಿಲು ಕೊಟ್ಟ. ಮೊದಲ ಮನೆಯನ್ನು ಹೊರಗೆಳೆದು ಕೈಯಲ್ಲಿ ಹಿಡಿದೆ. ಅದರ ಪಕ್ಕೆ ಹಸಿ ಮರದ ಬಣ್ಣದಲ್ಲಿ ಖಾಲಿ ಇತ್ತು. ನನ್ನ ಹೆಸರು ಬರೆದರೆ ಕಿವಿ ಅವನದು. ಅವನ ಹೆಸರು ಬರೆದರೆ ಕೈ ನನ್ನದು. ಎರಡೂ ಬರೆದರೆ ಎಲ್ಲ ಮರೆತೆವು ಎಂದಾಗುತ್ತದೆ, ನಾನು ಮರೆತಿಲ್ಲ.

ಮನೆಯನ್ನು ಹಾಗೇ ವಾಪಸ್ ಸಿಕ್ಕಿಸಿ, ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡೆ. ತೆರಾದಾ ತಲೆ ತಗ್ಗಿಸಿ ಬಹಳ ಹೊತ್ತು ಎತ್ತಲಿಲ್ಲ. ಈಗ ಬರೆಯುತ್ತಿರುವುದು ಅದೇ ಪೆನ್ಸಿಲಿನಲ್ಲಿ.

ಅಕ್ಟೋಬರ್ ೨೮, ಭಾನುವಾರ

ಚಳಿ ಬಂತು, ಒಣಗಾಳಿ ಶುರುವಾಯಿತು. ಹುಳುಗಳೆಲ್ಲ ಒಂದೊಂದಾಗಿ ಸತ್ತು ಒಂದೇ ಉಳಿದಿದೆ. ಎಲೆಯ ಮರೆಯಲ್ಲಿ ಕೂತಿರುತ್ತದೆ. ಫುಸಾ ಸಂಜೆ ನಾಲ್ಕು ಸಲ ಬೆರಳು ಎತ್ತಿದಳು.

"ದನಿ ಹೇಗಿದೆ?"

"ಸ್ವಲ್ಪ ಕೀರಲಾಗಿದೆ. ವಯಸ್ಸಾಯ್ತಲ್ಲ."

ಅಂತೂ ಸುಳ್ಳು ಹೇಳುವುದನ್ನು ಬಿಟ್ಟಿದ್ದಾಳೆ.

ಅಕ್ಟೋಬರ್ ೩೧, ಬುಧವಾರ

ಕೆಲಸ ಮುಗಿಯಿತು. ಹೂವಿನ ಗುಚ್ಛ ಕೊಟ್ಟರು, ಗೇಟಿನ ತನಕ ಬಂದರು. ತೆರಾದಾ ಮನೆಯವರೆಗೂ ಸೈಕಲ್ಲು ತಳ್ಳಿಕೊಂಡು ಬಂದ. ಬಾಗಿಲಲ್ಲಿ "ಬೇಸಿಗೆಗೆ ಶಾವಿಗೆ ತರ್ಲಾ ಗುರುಗಳೇ?" ಎಂದ. "ನಿನ್ನಿಷ್ಟ" ಎಂದೆ.

ಫುಸಾ ಮಿಝುನೊ ಅಮ್ಮನ ಮನೆಗೆ ಹೋಗಿದ್ದಳು. ಮಾಡಲು ಏನೂ ಇರಲಿಲ್ಲ. ಗಂಟೆಹುಳುವಿನ ಪೆಟ್ಟಿಗೆ ತೆರೆದು ಎಲೆ ಎತ್ತಿದೆ. ಹುಳು ಸತ್ತಿತ್ತು. ಇವತ್ತು ಸತ್ತಿದ್ದಲ್ಲ. ಮುಟ್ಟಿದರೆ ಕಾಲು ಪುಡಿಯಾಯಿತು, ಒಣಗಿ ಎಷ್ಟೋ ದಿನವಾಗಿದೆ. ದಿನಾ ಬೆಳಗ್ಗೆ ಎಲೆ ಎತ್ತಿ ಒಳಗೆ ನೀರು ಚಿಮುಕಿಸುವವಳು ಫುಸಾ. ನಿನ್ನೆ ಸಂಜೆ ಅವಳು ಮೂರು ಸಲ ಬೆರಳು ಎತ್ತಿದ್ದಳು.

ಕೋಪ ಬಂತು. ಬಂದೇ ಬಂತು. ಇವರಿಗೆ ಬುದ್ಧಿ ಬರುವುದಿಲ್ಲ, ಇವರನ್ನು ನಂಬಿದರೆ ಕೆಟ್ಟ ಹಾಗೆ. ಪೆಟ್ಟಿಗೆ ಹಿಡಿದು ಅವಳು ಬರುವುದನ್ನೇ ಕಾಯುತ್ತಾ ಜಗಲಿಯಲ್ಲಿ ಕೂತೆ.

ಅವಳು ಬಂದಳು. ಚಹಾ ಮಾಡಿ ತಂದು ನನ್ನ ಪಕ್ಕ ಕೂತಳು. ಹೂವು ನೋಡಿ ಚೆನ್ನಾಗಿದೆ ಎಂದಳು. ಆಮೇಲೆ ನಿಧಾನವಾಗಿ ಬೆರಳು ಎತ್ತಿದಳು. ಪೆಟ್ಟಿಗೆಯ ಕಡೆ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಷ್ಟು ಚಳೀಲೂ ಬಿಡ್ತಿಲ್ಲ ನೋಡು" ಎಂದೆ.

"ಗಟ್ಟಿ ಪಿಂಡ" ಎಂದಳು, ಬೆರಳು ಇಳಿಸಿ ಚಹಾ ಕುಡಿದಳು.

ಅವಳು ಒಳಗೆ ಹೋದ ಮೇಲೆ ಪೆಟ್ಟಿಗೆಯಲ್ಲಿ ಒಣಗಿದ್ದ ಬದನೆ ಹೋಳು ತೆಗೆದು, ಹೊಸದೊಂದು ಕೊಯ್ದು ಇಟ್ಟೆ.